ಅಪ್ಪನ ತೊಟ್ಟಿ, ಮಗನ ಮಣ್ಣು

1849ರಲ್ಲಿ ಲಂಡನ್ನಿನ ಅಪೋಥೆಕರೀಸ್ ಹಾಲ್‌ನಲ್ಲಿ ರಸಾಯನ ವಿಜ್ಞಾನಿಯಾಗಿದ್ದ ರಾಬರ್ಟ್ ವಾರಿಂಗ್ಟನ್ 12 ಗ್ಯಾಲನ್ ಹಿಡಿಸುವ ಗಾಜಿನ ಪಾತ್ರೆಯೊಂದನ್ನು ತಂದಿಟ್ಟರು. ತಳಕ್ಕೆ ಮರಳು, ಕೆಸರು, ಸುಣ್ಣಕಲ್ಲಿನ ತುಂಡುಗಳು. ಮೇಲೆ ಊಟೆಯ ನೀರು. ಅದರಲ್ಲಿ ಎರಡು ಗೋಲ್ಡ್‌ಫಿಶ್ ಮತ್ತು ವ್ಯಾಲಿಸ್ನೇರಿಯಾ ಎಂಬ ನೀರುಗಿಡ. ನೀರು ಬದಲಿಸದೆಯೇ ಮೀನನ್ನು ಬದುಕಿಸಲು ಆಗುತ್ತದೆಯೇ ಎಂಬುದು ಅವರ ಕುತೂಹಲ. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ಹೀರಬೇಕು, ಗಿಡ ಬಿಟ್ಟ ಆಮ್ಲಜನಕ ಮೀನಿಗೆ ಸಿಗಬೇಕು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ ಎಲೆಗಳು ಕೊಳೆತು, ಗಾಜಿಗೆ ಪಾಚಿ ಹಿಡಿದು ನೀರು ಕೆಡತೊಡಗಿತು. ಆಗ ಅವರು ಕೊಳದಿಂದ ಐದಾರು ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತದ್ದನ್ನೆಲ್ಲ ಮೇಯ್ದು ಮುಗಿಸಿದವು. ನೀರು ಮತ್ತೆ ತಿಳಿಯಾಯಿತು.

1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ಅವರು ಈ ಪ್ರಯೋಗವನ್ನು ವಿವರಿಸಿದರು. 1853ರಲ್ಲಿ ರೀಜೆಂಟ್ಸ್ ಪಾರ್ಕ್ ಮೃಗಾಲಯದ ‘ಫಿಶ್ ಹೌಸ್’ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಇಂಗ್ಲೆಂಡಿನ ಮಧ್ಯಮವರ್ಗದ ಮನೆಗಳಿಗೆ ಗಾಜಿನ ತೊಟ್ಟಿಯ ಹುಚ್ಚು ಹಿಡಿಯಿತು.

ಇದಕ್ಕೂ ಮೊದಲೇ, 1846ರಲ್ಲಿ, ಅನ್ನಾ ಥಿನ್ ಎಂಬಾಕೆ ಟಾರ್ಕಿಯ ಕಡಲತೀರದಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದು ಸಾಕಿದ್ದರು. ನೀರಿಗೆ ಗಾಳಿ ಬೆರೆಯಲೆಂದು ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ, ಮುಕ್ಕಾಲು ಗಂಟೆ ಸುರಿಯುತ್ತಲೇ ಇರಬೇಕಿತ್ತು. ಇಂದಿನ ಏರ್ ಪಂಪಿನ ಕೆಲಸವನ್ನು ಅಂದು ಮಾಡಿದ್ದು ಆಕೆಯ ತೋಳುಗಳು. ಅಕ್ವೇರಿಯಂ ಚರಿತ್ರೆ ಬರೆಯುವವರು ಆ ಶ್ರಮಕ್ಕೆ ಇನ್ನಷ್ಟು ಜಾಗ ಕೊಡಬೇಕು.

ಗಿಡ, ಮೀನು, ಬಸವನಹುಳು ಇದ್ದರೆ ತೊಟ್ಟಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಬಹುಕಾಲ ಬೇರೂರಿತ್ತು. ಆದರೂ ಹೊಸ ತೊಟ್ಟಿಗಳಲ್ಲಿ ಮೀನುಗಳು ಸಾಯುತ್ತಲೇ ಇದ್ದವು, ಅದೂ ನೀರು ಕಣ್ಣಿಗೆ ಸ್ಫಟಿಕದಂತೆ ಕಾಣುತ್ತಿದ್ದಾಗಲೇ. ಮೀನಿನ ಕಿವಿರುಗಳಿಂದ ಹೊರಬೀಳುವ, ಉಳಿದ ಆಹಾರ ಕೊಳೆತಾಗ ಹುಟ್ಟುವ ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. ಗಿಡಗಳು ಅದನ್ನು ಸ್ವಲ್ಪಮಟ್ಟಿಗೆ ಹೀರುತ್ತವೆ, ನಿಜ. ಮಿಕ್ಕದ್ದು ಎಲ್ಲಿಗೆ ಹೋಗಬೇಕು?

ಉತ್ತರ ಸಿಕ್ಕಿದ್ದು ಚರಂಡಿ ನೀರಿನಲ್ಲಿ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು ಹಾಗೂ ಸುಣ್ಣಕಲ್ಲಿನ ಪುಡಿ ತುಂಬಿದ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಸುಮಾರು 20 ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಮಾಯವಾಗಿ ಅದರ ಜಾಗದಲ್ಲಿ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರ್ಮ್ ಆವಿ ಹಾಯಿಸಿದರೆ ಈ ಬದಲಾವಣೆ ನಿಂತುಹೋಗುತ್ತಿತ್ತು. ಮಣ್ಣು ತೊಳೆದ ನೀರನ್ನು ಸೇರಿಸಿದರೆ ಮತ್ತೆ ಶುರುವಾಗುತ್ತಿತ್ತು. ಅಂದರೆ ಇದು ಜೀವಿಗಳ ಕೆಲಸ.

ಈ ಸುದ್ದಿಯನ್ನು ಕೂಡಲೇ ಕೈಗೆತ್ತಿಕೊಂಡವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಯೊಬ್ಬರು. ಅವರ ಹೆಸರೂ ರಾಬರ್ಟ್ ವಾರಿಂಗ್ಟನ್; ಅಕ್ವೇರಿಯಂ ವಾರಿಂಗ್ಟನ್ನರ ಮಗ. ಅಪ್ಪ ತೊಟ್ಟಿ ಇಟ್ಟಾಗ ಮಗನಿಗೆ ಹನ್ನೊಂದರ ಆಸುಪಾಸು. ಹೊಲದ ಮಣ್ಣನ್ನು ಪರೀಕ್ಷಿಸುತ್ತ ಮಗ ಕಂಡುಕೊಂಡದ್ದು ಇದು: ಅಮೋನಿಯಾ ಮೊದಲು ನೈಟ್ರೈಟ್ ಆಗುತ್ತದೆ, ಆಮೇಲೆ ನೈಟ್ರೇಟ್, ಎರಡು ಹಂತಕ್ಕೂ ಬೇರೆಬೇರೆ ಸೂಕ್ಷ್ಮಜೀವಿಗಳು. ಅವುಗಳನ್ನು ಶುದ್ಧವಾಗಿ ಬೇರ್ಪಡಿಸುವುದು ಅವರಿಂದಾಗಲಿಲ್ಲ. 1890ರಲ್ಲಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಆ ಕೆಲಸದಲ್ಲಿ ಗೆದ್ದರು. ಅಪ್ಪ 1867ರಲ್ಲೇ ತೀರಿಕೊಂಡಿದ್ದರು. ತಮ್ಮ ತೊಟ್ಟಿಯ ತಳಕ್ಕೆ ತಾವೇ ಹಾಕಿದ ಮರಳು, ಕೆಸರು, ಸುಣ್ಣಕಲ್ಲು ಇಂಥ ಜೀವಿಗಳಿಗೆ ಹೇಳಿ ಮಾಡಿಸಿದ ನೆಲೆ ಎಂಬುದು ಅವರಿಗೆ ತಿಳಿಯಲೇ ಇಲ್ಲ. ವಿಜ್ಞಾನದ ಚರಿತ್ರೆಯಲ್ಲಿ ಒಂದೇ ಮನೆಯೊಳಗೆ ಹೀಗೆ ಪ್ರಶ್ನೆಯೂ ಉತ್ತರವೂ ಸಿಕ್ಕ ಉದಾಹರಣೆಗಳು ಅಪರೂಪ.

ಕೃಷಿ ವಿಜ್ಞಾನದ ಈ ತಿಳಿವಳಿಕೆ ಮೀನು ಸಾಕುವವರನ್ನು ಮುಟ್ಟಲು ದಶಕಗಳೇ ಬೇಕಾದವು. ಇಪ್ಪತ್ತನೆಯ ಶತಮಾನದಲ್ಲಿ ತಳದ ಜಲ್ಲಿಕಲ್ಲಿನ ಮೂಲಕವೇ ನೀರನ್ನು ಎಳೆಯುವ ಫಿಲ್ಟರುಗಳು ಬಂದವು. ಅವು ಕಸವನ್ನಷ್ಟೇ ಹಿಡಿಯುತ್ತಿರಲಿಲ್ಲ, ಜಲ್ಲಿಯನ್ನೇ ಸೂಕ್ಷ್ಮಜೀವಿಗಳ ಮನೆಯಾಗಿಸಿದವು. 1998ರಲ್ಲಿ ತಿಮೋತಿ ಹೊವಾನೆಕ್ ಮತ್ತು ಸಂಗಡಿಗರು ಸಿಹಿನೀರಿನ ತೊಟ್ಟಿಗಳಲ್ಲಿ ಎರಡನೇ ಹಂತವನ್ನು ನಡೆಸುವುದು ಅದುವರೆಗೆ ನಂಬಿದ್ದ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾ ಎಂದು ತೋರಿಸಿದರು. 2015ರಲ್ಲಿ ನೆದರ್ಲೆಂಡ್ಸಿನ ನೈಮೆಗನ್ ವಿಜ್ಞಾನಿಗಳಿಗೆ ಎರಡೂ ಹಂತಗಳನ್ನು ಒಂಟಿಯಾಗಿ ಮುಗಿಸುವ ನೈಟ್ರೊಸ್ಪೈರಾ ಸಿಕ್ಕಿತು. ಸಿಕ್ಕಿದ್ದು ಮೀನು ಸಾಕಣೆ ವ್ಯವಸ್ಥೆಯೊಂದರಲ್ಲಿ.

ಇಂದು ಅಂಗಡಿಗೆ ಹೋದರೆ ಸ್ಪಂಜ್ ಫಿಲ್ಟರ್, ತೊಟ್ಟಿಯ ಅಂಚಿಗೆ ನೇತುಹಾಕುವುದು, ಕ್ಯಾನಿಸ್ಟರ್, ಇದ್ದಿಲಿನ ಚೀಲ, ಯುವಿ ದೀಪ ಹೀಗೆ ಬಗೆಬಗೆಯವು ಕಣ್ಣು ಕಟ್ಟುತ್ತವೆ. ಇದ್ದಿಲು ಬಣ್ಣ, ವಾಸನೆ ತೆಗೆಯುತ್ತದೆ. ಯುವಿ ತೇಲುವ ಪಾಚಿಯನ್ನು ಕೊಲ್ಲುತ್ತದೆ. ಅಮೋನಿಯಾವನ್ನು ಇವೆರಡೂ ತೆಗೆಯವು. ಆ ಕೆಲಸಕ್ಕೆ ಬೇಕಾದದ್ದು ಸೂಕ್ಷ್ಮಜೀವಿಗಳು ಅಂಟಿಕೊಳ್ಳಲು ಧಾರಾಳ ಮೇಲ್ಮೈ ಮತ್ತು ಆಮ್ಲಜನಕ ತುಂಬಿದ ನೀರಿನ ಹರಿವು. ಸಣ್ಣ ತೊಟ್ಟಿಗೆ ಇವೆರಡನ್ನೂ ಕಡಿಮೆ ಬೆಲೆಯ ಸ್ಪಂಜೂ ಒದಗಿಸುತ್ತದೆ. ಆದರೆ ಎಷ್ಟೇ ದುಬಾರಿ ಯಂತ್ರ ತಂದರೂ ಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ವಾರ ಬೇಕು. ಶ್ಲೋಸಿಂಗರ ಕೊಳವೆ 20 ದಿನ ಸುಮ್ಮನಿದ್ದದ್ದೂ ಇದೇ ಕಾರಣಕ್ಕೆ. ಹಳೆಯ ತೊಟ್ಟಿಯೊಂದರ ಸ್ಪಂಜಿನ ತುಂಡನ್ನು ತಂದು ಸೇರಿಸಿದರೆ ಈ ಕಾಯುವಿಕೆ ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲಿ ನಲ್ಲಿಗೆ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಮೀನಿಗೂ ಈ ಜೀವಿಗಳಿಗೂ ವಿಷ. ಹಾಗಾಗಿ ತೊಟ್ಟಿಗೆ ಹಾಕುವ ಮುನ್ನ ಕ್ಲೋರಿನ್ ತೆಗೆಯುವ ಹನಿ ಬೆರೆಸಬೇಕು, ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ ತೊಳೆಯಬೇಕು.