ಕೃಷ್ಣೆ–ತುಂಗಭದ್ರೆಯರ ನಡುವೆ ಮಗುವಿನ ಮೊದಲ ಲೆಕ್ಕ

ಆರು ವರ್ಷದ ಮಗು ‘ಐದು’ ಎಂದು ಬಾಯಲ್ಲಿ ಹೇಳುವುದು, ಆ ಅಂಕಿಯನ್ನು ಪಾಟಿಯ ಮೇಲೆ ಬರೆಯುವುದು, ನೆಲದ ಮೇಲೆ ಬಿದ್ದ ಐದು ಹುಣಸೆ ಬೀಜಗಳನ್ನು ಕಂಡಕೂಡಲೇ ಅವು ಮೂರು ಮತ್ತು ಎರಡು ಎಂದು ಗುರುತಿಸುವುದು, ಇವು ಮೂರೂ ಬೇರೆ ಬೇರೆ ಬಲಗಳು. ಇವುಗಳಲ್ಲಿ ಕೊನೆಯದನ್ನು, ಎಂದರೆ ಸಂಖ್ಯೆಯನ್ನು ಒಂದು ಪ್ರಮಾಣವಾಗಿ ಕಾಣುವ, ಅದನ್ನು ಒಡೆದು ಮತ್ತೆ ಕೂಡಿಸುವ, ಎಣಿಸುವ ಮೊದಲೇ ಎಷ್ಟಿರಬಹುದೆಂದು ಅಂದಾಜು ಮಾಡುವ ಬಲವನ್ನು ಇಂದಿನ ಶಿಕ್ಷಣಶಾಸ್ತ್ರ ಸಂಖ್ಯಾಪ್ರಜ್ಞೆ ಎಂದು ಕರೆಯುತ್ತದೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿದ ರಾಯಚೂರು ದೋಆಬಿನಲ್ಲಿ, ರಾಯಚೂರು ಪೇಟೆಯಲ್ಲಾಗಲಿ ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಾಗಲಿ, ಈ ಮೂರು ಬಲಗಳನ್ನು ಮಗು ಒಂದೇ ಕಡೆ ಕಲಿತ ಕಾಲ ಬಹಳ ಹಿಂದಿನದಲ್ಲ. ಬಾಯಿಗೆ ಮಗ್ಗಿಯನ್ನೂ ಬೆರಳಿಗೆ ಅಂಕಿಯನ್ನೂ ಮಠದ ಅಯ್ಯನವರು ಕೊಟ್ಟರೆ, ಪ್ರಮಾಣದ ಅರಿವನ್ನು ಕೊಟ್ಟದ್ದು ಕಣ, ಸಂತೆ, ಅಡುಗೆಮನೆ ಮತ್ತು ಆಟದ ಅಂಗಳ. ಅಂಗಳದಲ್ಲಿದ್ದ ಆ ಅರಿವು ಶಾಲೆಯ ಒಳಗೆ ಬರಲು ತೆಗೆದುಕೊಂಡ ಕಾಲವೇ ಈ ಪ್ರದೇಶದಲ್ಲಿ ಎಣಿಕೆ ಕಲಿಕೆಯ ಇತಿಹಾಸ.

ಈ ಭಾಗದ ಹಳೆಯ ಪಾಠಕ್ರಮವನ್ನು ತಿಳಿಯಲು ಅತ್ಯಂತ ಹತ್ತಿರದ ಲಿಖಿತ ಸಾಕ್ಷಿ ದೊರೆಯುವುದು ತುಂಗಭದ್ರೆಯ ಆಚೆಯ ದಡದಲ್ಲಿ. ಮದರಾಸು ಪ್ರಾಂತದ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀ ಶಾಲೆಗಳ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿ ಎಲ್ಲ ಜಿಲ್ಲೆಗಳ ವರದಿಗಳಿಗಿಂತ ಹೆಚ್ಚು ಸೂಕ್ಷ್ಮವಾಗಿತ್ತು. ಆಗ ಆದವಾನಿಯನ್ನೂ ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಯ ಹಳ್ಳಿಗಳು ರಾಯಚೂರು, ಮಾನ್ವಿ ಸೀಮೆಗಳಿಗೆ ನದಿಯಷ್ಟೇ ದೂರದಲ್ಲಿದ್ದವು; ಆಳ್ವಿಕೆ ಬೇರೆಯಾಗಿ ಇತ್ತ ನಿಜಾಮರದು, ಅತ್ತ ಕಂಪನಿಯದು ಆಗಿದ್ದರೂ ಭಾಷೆ, ಬೆಳೆ, ಮಠದ ಪದ್ಧತಿಗಳು ಹೊಳೆಯನ್ನು ಗಡಿಯೆಂದು ಎಣಿಸಿರಲಿಲ್ಲ. ಆ ವರದಿಯ ಪ್ರಕಾರ ಜಿಲ್ಲೆಯ 533 ಶಾಲೆಗಳಲ್ಲಿ 6,641 ಮಕ್ಕಳು ಕಲಿಯುತ್ತಿದ್ದರು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಅಷ್ಟು ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಾತ್ರ.

ಕೂಲಿಮಠ ಎಂದು ಕರೆಯಲಾಗುತ್ತಿದ್ದ, ಪೋಷಕರು ಕೊಡುವ ಹಣ ಮತ್ತು ಕಾಳಿನ ಮೇಲೆ ನಡೆಯುತ್ತಿದ್ದ ಈ ಶಾಲೆಗಳಿಗೆ ಮಗು ಐದನೆಯ ವರ್ಷದಲ್ಲಿ ಸೇರುತ್ತಿತ್ತು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಆಮೇಲೆ ಹಲಿಗೆ ಅಥವಾ ಕಡತಕ್ಕೆ ಏರಬೇಕು. ಹಲಿಗೆ ಎಂದರೆ ಮಸಿ ಬಳಿದ ಮರದ ಉದ್ದನೆಯ ಪಟ್ಟಿ. ಕಡತವು ಗಂಜಿ ಹಾಕಿ, ಇದ್ದಿಲ ಪುಡಿ ಮತ್ತು ಅಂಟು ಸವರಿ, ಪುಸ್ತಕದಂತೆ ಮಡಿಸಿದ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಅಳಿಸಬಹುದಾಗಿತ್ತು. ಖರ್ಚಿಲ್ಲದ ಈ ವ್ಯವಸ್ಥೆಯನ್ನೂ, ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಕ್ರಮವನ್ನೂ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದಾನೆ. ಅದಕ್ಕೂ ಮೊದಲೇ ಮದರಾಸಿನ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್, ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದನ್ನು ಕಂಡು ಅದನ್ನೇ ತನ್ನ ಶಾಲೆಗೆ ತಂದು, 1797ರಲ್ಲಿ ಆ ಪದ್ಧತಿಯ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ್ದ. ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಿಗೆ ಮರಳಿನ ತಟ್ಟೆ ಹೋದದ್ದು ದಕ್ಷಿಣ ಭಾರತದ ಇಂಥ ಜಗಲಿಗಳಿಂದ ಎಂಬುದನ್ನು ನಮ್ಮ ಶಿಕ್ಷಣ ಚರಿತ್ರೆಗಳು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ.

ಆದರೆ ಲೆಕ್ಕದ ದೃಷ್ಟಿಯಿಂದ ಆ ವರದಿಯಲ್ಲಿ ಗಮನಿಸಬೇಕಾದದ್ದು ಬೇರೆ. ಅಕ್ಷರ, ಒತ್ತಕ್ಷರ, ಮನುಷ್ಯರ ಹೆಸರು, ಊರ ಹೆಸರು, ಪ್ರಾಣಿಗಳ ಹೆಸರು ಇವೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ ಅಂಕಿಗಳು ಬರುತ್ತಿದ್ದವು. ಅಂಕಿಗಳ ಬೆನ್ನಿಗೆ ಕೂಡುವ ಕೋಷ್ಟಕ ಮತ್ತು ಒಂದರಿಂದ ನೂರರವರೆಗಿನ ಎಣಿಕೆಯ ಬಾಯಿಪಾಠ, ನಂತರ ಹಣ ಮತ್ತು ಅಳತೆಗಳ ಲೆಕ್ಕ. ದಿನಕ್ಕೆ ಎರಡು ಸಲ ಮಕ್ಕಳೆಲ್ಲ ಸಾಲಾಗಿ ನಿಂತು, ಮುಂದಾಳು ಹುಡುಗ ಹೇಳಿಕೊಟ್ಟಂತೆ ಮಗ್ಗಿಗಳನ್ನೂ, ತೂಕ, ಅಳತೆ, ಉದ್ದಗಳ ಕೋಷ್ಟಕಗಳನ್ನೂ ಒಟ್ಟಾಗಿ ಒಪ್ಪಿಸಬೇಕಾಗಿತ್ತು. ಭಿನ್ನರಾಶಿಗಳ ಮೇಲೆ ಅತಿ ಹೆಚ್ಚಿನ ಶ್ರಮ ಹಾಕಲಾಗುತ್ತಿತ್ತು, ಮತ್ತು ಅವು ಹತ್ತರ ಲೆಕ್ಕದಲ್ಲಿ ಇಳಿಯದೆ ನಾಲ್ಕರ ಲೆಕ್ಕದಲ್ಲಿ ಇಳಿಯುತ್ತಿದ್ದವು: ಒಂದರ ನಾಲ್ಕನೆಯ ಪಾಲು ಕಾಲು, ಕಾಲಿನ ನಾಲ್ಕನೆಯ ಪಾಲು ವೀಸ, ವೀಸದ ನಾಲ್ಕನೆಯ ಪಾಲು ಕಾಣಿ, ಎಂದರೆ ಅರವತ್ತನಾಲ್ಕರಲ್ಲಿ ಒಂದು. ಇಡೀ ಕ್ರಮದಲ್ಲಿ ಮಗುವಿನ ಕೈಗೆ ಒಂದು ಬೀಜವಾಗಲಿ ಕಲ್ಲಾಗಲಿ ಬಂದ ಉಲ್ಲೇಖವಿಲ್ಲ. ಮಗುವಿನ ಕೈಯ ಮೇಲೆ ನೇರವಾಗಿ ನಡೆಯುತ್ತಿದ್ದ ಎಣಿಕೆ ಒಂದೇ, ಅದೂ ಕಠೋರವಾದದ್ದು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ; ಮೂರನೆಯವನಿಗೆ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು, ಹಾಗೆಯೇ ತಡವಾದಂತೆಲ್ಲ ಒಂದೊಂದು ಹೆಚ್ಚು. ಮೊದಲನೆಯದು, ಎರಡನೆಯದು, ಮೂರನೆಯದು ಎಂಬ ಕ್ರಮಸೂಚಕ ಸಂಖ್ಯೆಗಳು ಆ ಮಕ್ಕಳಿಗೆ ಮರೆಯದಂತೆ ನಾಟಿರಬೇಕು, ಆದರೆ ಯಾವ ಮಗುವೂ ಲೆಕ್ಕವನ್ನು ಹಾಗೆ ಕಲಿಯಬೇಕಾಗಿರಲಿಲ್ಲ.

ಹಾಗೆಂದು ಆ ಮಕ್ಕಳಿಗೆ ಪ್ರಮಾಣದ ಅರಿವು ಇರಲಿಲ್ಲವೆಂದು ತಿಳಿಯುವುದು ತಪ್ಪಾಗುತ್ತದೆ. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಿಂದ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿ ಬರೆದ ವ್ಯವಹಾರಗಣಿತದವರೆಗಿನ ಗ್ರಂಥಗಳು ದೊಡ್ಡವರ ವ್ಯಾಪಾರ, ಬಡ್ಡಿ, ಭೂಮಿಯ ಲೆಕ್ಕಗಳನ್ನು ಹೇಳುತ್ತವೆಯೇ ಹೊರತು ಮಗುವಿನ ಮೊದಲ ಎಣಿಕೆಯನ್ನು ಹೇಳುವುದಿಲ್ಲ. ಅದನ್ನು ಹೇಳಿಕೊಡುವ ಹೊಣೆ ಪುಸ್ತಕದ್ದೆಂದು ಯಾರೂ ಭಾವಿಸಿರಲಿಲ್ಲ. ಬಿಳಿಜೋಳದ ರಾಶಿ ಅಳೆಯುವ ಕಣದಲ್ಲಿ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಹೇಳಿ, ನಂತರ ಎರಡು, ಮೂರು ಎಂದು ಗಟ್ಟಿ ದನಿಯಲ್ಲಿ ಎಣಿಸುತ್ತ, ಇಷ್ಟು ಅಳತೆಗೆ ಇಷ್ಟೆಂದು ಗುರುತಿಗೆ ಕಾಳನ್ನೋ ಕಲ್ಲನ್ನೋ ಬದಿಗಿಡುವುದನ್ನು ಮಗು ನೋಡುತ್ತಿತ್ತು. ಬದಿಗಿಟ್ಟ ಒಂದು ಕಲ್ಲು ಹಲವು ಅಳತೆಗಳಿಗೆ ಸಮ ಎಂಬುದು, ಮುಂದೆ ಶಾಲೆಯಲ್ಲಿ ಸ್ಥಾನಬೆಲೆ ಎಂಬ ಹೆಸರಿನಲ್ಲಿ ಬರುವ, ಒಂದೇ ಅಂಕಿ ಇರುವ ಜಾಗಕ್ಕೆ ತಕ್ಕಂತೆ ಹತ್ತಾಗಿಯೂ ನೂರಾಗಿಯೂ ಬೆಲೆ ಪಡೆಯುವ ತತ್ತ್ವದ ಬೇರು. ಅಡುಗೆಮನೆಯಲ್ಲಿ ಸೇರು, ಅಚ್ಚೇರು, ಪಾವು, ಚಟಾಕುಗಳು ಒಂದರೊಳಗೊಂದು ಕೂರುವ ಪಾತ್ರೆಗಳಾಗಿದ್ದವು. ಎರಡು ಪಾವು ಸುರಿದರೆ ಅಚ್ಚೇರು, ಎರಡು ಅಚ್ಚೇರು ಸುರಿದರೆ ಸೇರು ತುಂಬುತ್ತದೆಂಬುದನ್ನು ಹಿಟ್ಟಿಗೆ ಜೋಳ ಅಳೆಯುವಾಗ ತಾಯಿಯ ಬದಿಯಲ್ಲಿ ಕುಳಿತ ಮಗು ಕಣ್ಣಾರೆ ಕಾಣುತ್ತಿತ್ತು. ಮಠದಲ್ಲಿ ಒಪ್ಪಿಸುತ್ತಿದ್ದ ಕಾಲು, ಅರೆ, ಮುಕ್ಕಾಲಿನ ಮಗ್ಗಿಗೆ ಅರ್ಥ ತುಂಬುತ್ತಿದ್ದುದು ಈ ಪಾತ್ರೆಗಳೇ.

ಇನ್ನೂ ಆಳವಾದ ಪಾಠ ನಡೆಯುತ್ತಿದ್ದುದು ಆಟಗಳಲ್ಲಿ. ಗಜಗ ಅಥವಾ ಕಲ್ಲಾಟವನ್ನು ಐದು ಕಲ್ಲುಗಳಿಂದ ಆಡುತ್ತಾರೆ: ಒಂದನ್ನು ಮೇಲಕ್ಕೆ ತೂರಿ, ಅದು ಕೆಳಗಿಳಿಯುವಷ್ಟರಲ್ಲಿ ನೆಲದ ಮೇಲಿನ ನಾಲ್ಕನ್ನು ಮೊದಲ ಸುತ್ತಿನಲ್ಲಿ ಒಂದೊಂದಾಗಿ, ಎರಡನೆಯದರಲ್ಲಿ ಎರಡೆರಡಾಗಿ, ಮೂರನೆಯದರಲ್ಲಿ ಮೂರು ಮತ್ತು ಒಂದಾಗಿ, ನಾಲ್ಕನೆಯದರಲ್ಲಿ ಒಟ್ಟಿಗೆ ಬಾಚಬೇಕು. ನಾಲ್ಕು ಎಂಬ ಸಂಖ್ಯೆಯನ್ನು ಒಡೆಯಬಹುದಾದ ಬಗೆಗಳಲ್ಲಿ ಎರಡು, ಒಂದು, ಒಂದು ಎಂಬುದನ್ನು ಬಿಟ್ಟು ಉಳಿದವೆಲ್ಲ ಈ ನಾಲ್ಕು ಸುತ್ತುಗಳಲ್ಲಿ ಬಂದುಹೋಗುತ್ತವೆ. ಒಂದನೆಯ ತರಗತಿಯ ಪುಸ್ತಕ ಇಂದು ಚಿತ್ರ ಬರೆದು ಕಲಿಸುವ ಸಂಖ್ಯಾ ವಿಭಜನೆ ಇದೇ. ಚೌಕಾಬಾರದಲ್ಲಿ ನಾಲ್ಕು ಕವಡೆಗಳನ್ನೋ, ಒಂದು ಬದಿ ತೇಯ್ದು ಬೆಳ್ಳಗೆ ಮಾಡಿದ ಹುಣಸೆ ಬೀಜಗಳನ್ನೋ ಎಸೆದು, ಮೇಲ್ಮುಖವಾಗಿ ಬಿದ್ದವುಗಳ ಲೆಕ್ಕದಷ್ಟು ಕಾಯಿ ನಡೆಸುತ್ತಾರೆ. ನಾಲ್ಕೂ ಮೇಲ್ಮುಖವಾದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಎಂಟು. ಕೆಲವು ದಿನ ಆಡಿದ ಮಗು ಬೀಜಗಳನ್ನು ಬೆರಳಿಟ್ಟು ಎಣಿಸುವುದೇ ಇಲ್ಲ, ನೋಟದಲ್ಲೇ ಮೂರು ಎನ್ನುತ್ತದೆ, ಮತ್ತು ಎದುರಾಳಿಯ ಕಾಯಿಯನ್ನು ಕಡಿಯಲು ತನಗೆ ಇನ್ನೆಷ್ಟು ಬೀಳಬೇಕೆಂದು ಮೊದಲೇ ಹೇಳುತ್ತದೆ. ‘ಇನ್ನೆಷ್ಟು’ ಎಂಬ ಈ ಪ್ರಶ್ನೆಯೇ ಕಳೆಯುವ ಲೆಕ್ಕದ ನಿಜವಾದ ಹುಟ್ಟು. ಅಳಗುಳಿಮಣೆಯಲ್ಲಿ ಏಳರಂತೆ ಎರಡು ಸಾಲು, ಹದಿನಾಲ್ಕು ಗುಳಿಗಳು. ಒಂದು ಗುಳಿಯ ಕಾಳನ್ನು ಎತ್ತಿ ಮುಂದಿನವುಗಳಿಗೆ ಒಂದೊಂದಾಗಿ ಹಂಚುವ ಮೊದಲು, ಕೊನೆಯ ಕಾಳು ಎಲ್ಲಿ ಬೀಳುತ್ತದೆಂದು ಕಣ್ಣಿನಲ್ಲೇ ಅಂದಾಜು ಮಾಡಬಲ್ಲವರು ಗೆಲ್ಲುತ್ತಾರೆ.

ಈ ಆಟಗಳಲ್ಲಿ ಪಳಗಿದವರು ಬಹುಮಟ್ಟಿಗೆ ಹೆಣ್ಣುಮಕ್ಕಳು, ಮತ್ತು ಕ್ಯಾಂಪ್‌ಬೆಲ್‌ನ ಲೆಕ್ಕದಲ್ಲಿ 6,641ಕ್ಕೆ 60ರಷ್ಟಿದ್ದವರೂ ಅವರೇ. ಸಂಖ್ಯೆಯ ಅರಿವು ಯಾರ ಕೈಯಲ್ಲಿ ಹೆಚ್ಚು ಬೆಳೆದಿತ್ತೋ ಅವರಿಗೆ ಅಂಕಿ ಬರೆಯುವ ಹಲಿಗೆ ಸಿಗಲಿಲ್ಲ. ಹಲಿಗೆ ಹಿಡಿದ ಹುಡುಗರಿಗೆ ಅಂಗಳದ ಅರಿವನ್ನು ಮಠದೊಳಗೆ ತರಲು ದಾರಿ ಇರಲಿಲ್ಲ. ಈ ಬಿರುಕಿನ ನಷ್ಟ ಎಷ್ಟೋ ತಲೆಮಾರುಗಳದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರಾಯಚೂರಿನ ಲೆಕ್ಕ ಇನ್ನಷ್ಟು ತೊಡಕಾಯಿತು. ಮುಂಬಯಿ ಕಡೆಯಿಂದ ಬಂದ ರೈಲುಹಳಿ ಮತ್ತು ಮದರಾಸು ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ, ಪೇಟೆಯಲ್ಲಿ ನಿಜಾಮರ ಹಾಲಿ ಸಿಕ್ಕಾ ಮತ್ತು ಬ್ರಿಟಿಷರ ಕಲ್ದಾರ್ ಎಂಬ ಎರಡು ರೂಪಾಯಿಗಳೂ ಓಡಾಡತೊಡಗಿದವು. ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚುಕಡಿಮೆ ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಅವುಗಳ ಬೆಲೆ. ಹತ್ತಿಯ ಅಂಗಡಿಯಲ್ಲಿ ಕುಳಿತ ಹುಡುಗ ಈ ಏಳು–ಆರರ ಲೆಕ್ಕವನ್ನು ಯಾವ ಪಾಠವೂ ಇಲ್ಲದೆ ಕಲಿತುಕೊಳ್ಳಬೇಕಾಗಿತ್ತು. ಇತ್ತ ಆಡಳಿತದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂದು, ಸರಕಾರಿ ಶಾಲೆಯಲ್ಲಿ ಮುಂದೆ ಓದಬೇಕಾದ ಕನ್ನಡದ ಮಗು ಹೊಸ ಭಾಷೆಯ ಜೊತೆಗೆ ಹೊಸ ಎಣಿಕೆಯನ್ನೂ ಕಲಿಯಬೇಕಾಯಿತು. ಕನ್ನಡದಲ್ಲಿ ಇಪ್ಪತ್ತೊಂದು, ಮೂವತ್ತೆರಡು ಎಂಬಲ್ಲಿ ಹತ್ತುಗಳೂ ಬಿಡಿಗಳೂ ಕಿವಿಗೆ ಬೇರೆ ಬೇರೆಯಾಗಿ ಕೇಳಿಸುತ್ತವೆ. ಉರ್ದುವಿನಲ್ಲಿ ನೂರರವರೆಗಿನ ಹೆಸರುಗಳನ್ನು ಬಹುತೇಕ ಒಂದೊಂದಾಗಿಯೇ ನೆನಪಿಡಬೇಕು. ಪಂಡಿತ ತಾರಾನಾಥರು 1920ರ ಸುಮಾರಿಗೆ ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆ, 1934ರಲ್ಲಿ ಇದೇ ಊರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನ ಇಂಥ ಪರಿಸರದಲ್ಲಿ ದೊಡ್ಡ ಆಸರೆಗಳಾಗಿದ್ದವು. ಆ ಸಮ್ಮೇಳನದ ಅಧ್ಯಕ್ಷರು ಶಾಲೆಗಳ ತನಿಖಾಧಿಕಾರಿಯಾಗಿ ದುಡಿದಿದ್ದ, ಮಕ್ಕಳಿಗಾಗಿ ಕಥೆ, ಪದ್ಯಗಳನ್ನು ಬರೆದ ಪಂಜೆ ಮಂಗೇಶರಾಯರು ಎಂಬುದು ಈ ಚರಿತ್ರೆಯಲ್ಲಿ ನೆನೆಯಬೇಕಾದ ಸಂಗತಿ.

1956ರ ನವೆಂಬರ್ 1ರಂದು ರಾಯಚೂರು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿ, ಮಗುವಿನ ಮೊದಲ ಲೆಕ್ಕ ಕನ್ನಡದಲ್ಲೇ ನಡೆಯುವುದು ಖಚಿತವಾಯಿತು. ಅದರ ಬೆನ್ನಿಗೇ, 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಬಂತು. ಮರುವರ್ಷದಿಂದ ಹಂತಹಂತವಾಗಿ ಕಿಲೋಗ್ರಾಂ, ಲೀಟರುಗಳು ಬಂದವು. ಹಳೆಯ ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಪೈಸೆ ಇದ್ದುದರಿಂದ ಆಣೆ ಎಂದರೆ ವೀಸವೇ, ಪೈಸೆ ಎಂದರೆ ಕಾಣಿಯೇ ಆಗಿತ್ತು; ಮಠದ ಭಿನ್ನರಾಶಿಯ ಮಗ್ಗಿ, ಜೇಬಿನ ನಾಣ್ಯ, ಅಡುಗೆಮನೆಯ ಸೇರು ಮೂರೂ ನಾಲ್ಕರ ಒಂದೇ ಲೆಕ್ಕದಲ್ಲಿ ಇಳಿಯುತ್ತಿದ್ದವು. ದಶಮಾನ ಪದ್ಧತಿ ಗುಣಾಕಾರವನ್ನು ಸುಲಭ ಮಾಡಿದ್ದು ನಿಜ, ಅದು ಬರಲೇಬೇಕಾಗಿತ್ತು ಎಂಬುದೂ ನಿಜ. ಆದರೆ ಮಗು ಮನೆಯಲ್ಲಿ ಮುಟ್ಟಿ ತಿಳಿದದ್ದಕ್ಕೂ ಶಾಲೆಯಲ್ಲಿ ಓದಿದ್ದಕ್ಕೂ ಇದ್ದ ಕೊನೆಯ ನಂಟು ಆಗ ಕಡಿಯಿತು, ಅದರ ಜಾಗದಲ್ಲಿ ಮುಟ್ಟುವಂಥದ್ದನ್ನು ಬೇರೇನನ್ನೂ ಶಾಲೆಗೆ ಕೊಡಲಿಲ್ಲ. ಮುಂದಿನ ದಶಕಗಳಲ್ಲಿ ಒಂದನೆಯ ತರಗತಿಯ ಲೆಕ್ಕವೆಂದರೆ ನೂರರವರೆಗೆ ಬರೆಯುವುದು ಮತ್ತು ಮಗ್ಗಿ ಒಪ್ಪಿಸುವುದು ಎಂಬ ತಿಳಿವಳಿಕೆ ಬಲವಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣ.

ಬೀಜ, ಕಡ್ಡಿ, ಕಲ್ಲುಗಳು ಪಾಠದ ಸಾಮಗ್ರಿಯಾಗಿ ಅಧಿಕೃತವಾಗಿ ಶಾಲೆಯೊಳಗೆ ಬಂದದ್ದು ನಲಿ–ಕಲಿಯ ಮೂಲಕ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಿಂದ ಸ್ಫೂರ್ತಿ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಈ ಪದ್ಧತಿ 2009–10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವಿಸ್ತರಿಸಿದಾಗ ದೇವದುರ್ಗ, ಮಾನ್ವಿಗಳಿಗೂ ಬಂತು. ಮಕ್ಕಳು ನೆಲದ ಮೇಲೆ ಗುಂಪುಗಳಾಗಿ ಕುಳಿತು, ಕಾರ್ಡುಗಳನ್ನು ಎತ್ತಿಕೊಂಡು, ಕಲಿಕಾ ಏಣಿ ಎಂಬ ಮೆಟ್ಟಿಲುಗಳ ಪಟ್ಟಿಯಲ್ಲಿ ತಮ್ಮ ತಮ್ಮ ಮೆಟ್ಟಿಲಿನಿಂದ ಮುಂದುವರಿಯುತ್ತಾರೆ. ಹತ್ತು ಕಡ್ಡಿಗಳನ್ನು ದಾರದಿಂದ ಕಟ್ಟಿ ಒಂದು ಕಟ್ಟು ಮಾಡಿ, ಎರಡು ಕಟ್ಟು ಮತ್ತು ಮೂರು ಬಿಡಿ ಸೇರಿದರೆ ಇಪ್ಪತ್ಮೂರು ಎಂದು ಕಾಣುವ ಚಟುವಟಿಕೆಯಲ್ಲಿ ಕಣದ ಬದಿಗಿಟ್ಟ ಕಲ್ಲಿನ ತತ್ತ್ವವೇ ಇದೆ. ಕೆಲಸ ಹುಡುಕಿಕೊಂಡು ಕುಟುಂಬಗಳು ಗುಳೆ ಹೋಗುವ ಈ ಸೀಮೆಗೆ ಏಣಿಯ ಇನ್ನೊಂದು ಗುಣ ಬಹಳ ದೊಡ್ಡದು: ತಿಂಗಳುಗಟ್ಟಲೆ ಊರಲ್ಲಿಲ್ಲದ ಮಗು ಮರಳಿದಾಗ, ಬಿಟ್ಟುಹೋದ ಮೆಟ್ಟಿಲಿನಿಂದಲೇ ಹತ್ತಬಹುದು. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ. 59.56ರಷ್ಟಿದ್ದ ಜಿಲ್ಲೆಯಲ್ಲಿ ಶಾಲೆಯ ಮೊದಲ ವರ್ಷ ಕೈತಪ್ಪಿದರೆ ಅದನ್ನು ತುಂಬಿಕೊಡುವವರು ಮನೆಯಲ್ಲಿ ಇರುವುದು ಅಪರೂಪ.

ಅಕ್ಷರ ಫೌಂಡೇಶನ್ ಮತ್ತು ಸರಕಾರ ಸೇರಿ 2015ರ ನಂತರ ಅಂದಿನ ಹೈದರಾಬಾದ್ ಕರ್ನಾಟಕದಲ್ಲಿ ನಡೆಸಿದ ಗಣಿತ ಕಲಿಕಾ ಆಂದೋಲನದ ಕಿಟ್ಟುಗಳು ನಾಲ್ಕು, ಐದನೆಯ ತರಗತಿಗಳಿಗಾಗಿ ರೂಪಿತವಾಗಿದ್ದವು. ಒಂದನೆಯ ತರಗತಿಯನ್ನೂ ಒಳಗೊಂಡು, ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಓದು, ಬರಹ, ಸಂಖ್ಯಾಜ್ಞಾನಗಳು ಮಗುವಿಗೆ ದಕ್ಕುವುದನ್ನು ಗುರಿಯಾಗಿಸಿದ ರಾಷ್ಟ್ರೀಯ ಯೋಜನೆ, ನಿಪುಣ ಭಾರತ, ಬಂದದ್ದು 2021ರ ಜುಲೈಯಲ್ಲಿ. ಕಿಟ್ಟಿನೊಳಗಿನ ಬಣ್ಣದ ಮಣಿಗಳು ಒಳ್ಳೆಯವೇ, ಆದರೆ ಮಣಿ ಕಳೆದುಹೋದೀತೆಂಬ ಭಯದಿಂದ ಪೆಟ್ಟಿಗೆ ಬೀರುವಿನಲ್ಲೇ ಉಳಿದರೆ ಮಗುವಿಗೆ ಅದರಿಂದ ಏನೂ ದಕ್ಕುವುದಿಲ್ಲ. ಕಳೆದರೆ ಮರುದಿನ ಮತ್ತೆ ಆಯ್ದು ತರಬಹುದಾದ ಹುಣಸೆ ಬೀಜ, ಹತ್ತಿ ಕಟ್ಟಿಗೆಯ ತುಂಡು, ಹಳ್ಳದ ಕಲ್ಲುಗಳಿಗೆ ಆ ಭಯವಿಲ್ಲ. ಶಿಕ್ಷಕರ ತರಬೇತಿಗಳಲ್ಲಿ ಗಜಗ, ಚೌಕಾಬಾರ, ಅಳಗುಳಿಗಳನ್ನು ಬಿಡುವಿನ ವೇಳೆಯ ಮನರಂಜನೆ ಎನ್ನದೆ ಸಂಖ್ಯಾ ವಿಭಜನೆ, ನೋಟದ ಎಣಿಕೆ, ಅಂದಾಜುಗಳ ಪಾಠವೆಂದೇ ಹೆಸರಿಸಿ ಸೇರಿಸಬೇಕಾದ ಕೆಲಸ ಇನ್ನೂ ಬಾಕಿ ಇದೆ, ಮತ್ತು ಅದನ್ನು ಕಲಿಸಿಕೊಡಬಲ್ಲ ಅಜ್ಜಿಯರು ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.