ಎನ್‌ಎಫ್‌ಎಸ್ ಪ್ರವೇಶ ನಿಯಂತ್ರಣ

ಜಾಲದಲ್ಲಿ ಕಡತ ಹಂಚುವ ಎನ್‌ಎಫ್‌ಎಸ್ ಸರ್ವರಿನ ಯಾವ ಫೋಲ್ಡರನ್ನು ಯಾವ ಕಂಪ್ಯೂಟರು ಬಳಸಬಹುದೆಂದು ಒಂದೇ ಕಡೆ ಗೊತ್ತುಮಾಡುವ ವ್ಯವಸ್ಥೆ. ಎನ್‌ಎಫ್‌ಎಸ್ ಅನ್ನು ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿತು. ಲಿನಕ್ಸ್‌ನಲ್ಲಿ ಈ ಅಪ್ಪಣೆಗಳು ‘ಎಕ್ಸ್‌ಪೋರ್ಟ್ಸ್’ ಎಂಬ ಕಡತದಲ್ಲಿರುತ್ತವೆ: ಸಾಲಿಗೊಂದು ಫೋಲ್ಡರು, ಅದರ ಮುಂದೆ ಕಂಪ್ಯೂಟರಿನ ಹೆಸರು, ಹೆಸರಿಗೆ ಅಂಟಿದಂತೆ ಆವರಣದೊಳಗೆ ಓದುವ ಅಥವಾ ಬರೆಯುವ ಹಕ್ಕು. ಅಂಟಿಕೊಂಡೇ ಇರಬೇಕು. ಹೆಸರಿಗೂ ಆವರಣಕ್ಕೂ ನಡುವೆ ಒಂದು ಖಾಲಿ ಜಾಗ ಬಿದ್ದರೂ ಆ ಕಂಪ್ಯೂಟರಿಗೆ ಓದುವ ಹಕ್ಕಷ್ಟೇ ಉಳಿದು, ಬರೆಯುವ ಹಕ್ಕು ಸರ್ವರನ್ನು ತಲುಪಬಲ್ಲ ಎಲ್ಲ ಯಂತ್ರಗಳ ಪಾಲಾಗುತ್ತದೆ. ಕಣ್ಣಿಗೆ ಬೀಳದ ಈ ತಪ್ಪು ಬಹಳ ಅಪಾಯಕಾರಿ.

ಯಂತ್ರಗಳು ನೂರಾರಾದಾಗ ಒಂದೊಂದರ ಹೆಸರನ್ನೂ ಬರೆಯುವ ಬದಲು ‘ನೆಟ್‌ಗ್ರೂಪ್’ ಒಂದರ ಹೆಸರನ್ನು @ ಚಿಹ್ನೆಯೊಡನೆ ಕೊಡುತ್ತಾರೆ. ಗುಂಪಿನ ಪಟ್ಟಿ ಎನ್‌ಐಎಸ್ ಅಥವಾ ಎಲ್‌ಡ್ಯಾಪ್ ಡೈರೆಕ್ಟರಿಯಲ್ಲಿರುವುದರಿಂದ ಎಷ್ಟು ಸರ್ವರುಗಳಿದ್ದರೂ ತಿದ್ದುವುದು ಒಂದೇ ಕಡೆ. ಫೋಲ್ಡರನ್ನು ಬಳಸುವ ಕಂಪ್ಯೂಟರಿನ, ಅಂದರೆ ಕ್ಲೈಂಟಿನ, ರೂಟ್ ಬಳಕೆದಾರನನ್ನು ‘ರೂಟ್ ಸ್ಕ್ವಾಷ್’ ಎಂಬ ಆಯ್ಕೆ ತಾನಾಗಿಯೇ ಅನಾಮಿಕನನ್ನಾಗಿಸುತ್ತದೆ. ಉಳಿದವರ ವಿಷಯದಲ್ಲಿ, ಸಾಮಾನ್ಯ ಸಂರಚನೆಯಲ್ಲಿ, ಕ್ಲೈಂಟ್ ಹೇಳಿದ ಬಳಕೆದಾರ ಸಂಖ್ಯೆಯನ್ನು ಸರ್ವರು ನಂಬಿಬಿಡುತ್ತದೆ; ಗುಟ್ಟಿನ ಕಡತಗಳಿರುವಲ್ಲಿ ಕರ್ಬರೋಸ್ ದೃಢೀಕರಣ ಬೇಕೇ ಬೇಕು.