ಕೂಟಗಲ್ ಸೀಮೆಯ ಬೆಳೆ ಸಹಾಯಧನ

ಕೂಟಗಲ್ ರಾಮನಗರ ತಾಲ್ಲೂಕಿನ ಒಂದು ಹೋಬಳಿ. ಮಳೆ ನಂಬಿದ ರಾಗಿ ಹೊಲ, ಕೊಳವೆಬಾವಿಯ ಹಿಪ್ಪುನೇರಳೆ ತೋಟ, ಮಾವು, ತೆಂಗು, ಕೊಟ್ಟಿಗೆಯಲ್ಲಿ ಒಂದೆರಡು ಸೀಮೆಹಸು. ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಬೇಸಾಯವೂ ಹೆಚ್ಚುಕಡಿಮೆ ಇದೇ. ಸರ್ಕಾರದ ದುಡ್ಡು ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ದಾರಿಯಲ್ಲಿ ಬಂದಿದೆ. ಹಿಂದೆ ಬೆಳೆ ನೋಡಿ ಕೊಡುತ್ತಿದ್ದುದು ಈಗ ಪಹಣಿ ನೋಡಿ ಕೊಡುವಂತಾಗಿರುವುದೇ ಈ ಚರಿತ್ರೆಯ ದೊಡ್ಡ ತಿರುವು.

ಮೈಸೂರು ಸಂಸ್ಥಾನದ ಕಾಲದಲ್ಲಿ ಬರ ಬಂದರೆ ಕಂದಾಯ ಮಾಫಿ, ಬಾವಿ ತೋಡಲು ತಕಾವಿ ಎಂಬ ಸರ್ಕಾರಿ ಸಾಲ. ಸಾಲವೆಂದ ಮೇಲೆ ತೀರಿಸಲೇಬೇಕು.

ಹಸಿರು ಕ್ರಾಂತಿಯ ನಂತರ ನೆರವು ಗೊಬ್ಬರದ ಚೀಲದೊಳಗೆ ಸೇರಿಕೊಂಡಿತು. 45 ಕಿಲೋ ಯೂರಿಯಾ ಚೀಲಕ್ಕೆ ರೈತ ಕೊಡುವುದು 266 ರೂಪಾಯಿ 50 ಪೈಸೆ. ಉಳಿದದ್ದನ್ನು ಕೇಂದ್ರ ಸರ್ಕಾರ ಕಂಪನಿಗೆ ಕಟ್ಟುತ್ತದೆ. ಹಾಗಾಗಿ ಅದು ಸಹಾಯಧನವೆಂದು ಯಾರಿಗೂ ಅನ್ನಿಸುವುದೇ ಇಲ್ಲ. 2000ದ ಸುಮಾರಿಗೆ ಹೋಬಳಿಗೊಂದರಂತೆ ರೈತ ಸಂಪರ್ಕ ಕೇಂದ್ರಗಳು ಬಂದವು. ಮುಂಗಾರು ಹತ್ತಿರವಾದಾಗ ಅಲ್ಲಿ ನಿಂತವರ ಕೈಯಲ್ಲಿ ಪಹಣಿ ಮತ್ತು ಆಧಾರ್‌ನ ಜೆರಾಕ್ಸ್. ವಾಪಸ್ಸು ಹೋಗುವಾಗ ಬೈಕಿನ ಟ್ಯಾಂಕಿನ ಮೇಲೆ ರಿಯಾಯಿತಿ ದರದ ಎಂಎಲ್-365 ಅಥವಾ ಜಿಪಿಯು-28 ಬಿತ್ತನೆ ರಾಗಿಯ ಚೀಲ.

ಬೆಳೆದ ಮೇಲಿನ ನೆರವು ಬೇರೆ. 2017-18ರಲ್ಲಿ ಕೇಂದ್ರ ರಾಗಿಗೆ ಕ್ವಿಂಟಲಿಗೆ 1,900 ರೂಪಾಯಿ ಬೆಂಬಲ ಬೆಲೆ ಕಟ್ಟಿದಾಗ ರಾಜ್ಯ ಮೇಲೆ 400 ಸೇರಿಸಿತು. ಮರುವರ್ಷ ಬೆಂಬಲ ಬೆಲೆಯೇ 2,897ಕ್ಕೆ ಜಿಗಿಯಿತು, 2025-26ಕ್ಕೆ 4,886. ಹಾಲಿಗೆ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರುವಾಗಿ 2016ರಲ್ಲಿ 5ಕ್ಕೆ ಏರಿತು. ಡೇರಿಗೆ ಹಾಕಿದಷ್ಟೇ ಲೆಕ್ಕ, ಹಸು ಕಟ್ಟಿದವರಿಗೆ ಜಮೀನಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ರೇಷ್ಮೆಗೂಡಿನ ಕತೆ ಇಷ್ಟು ಸರಳವಲ್ಲ. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದದ್ದೇ ತಡ, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು. ದೆಹಲಿಯ ಸುಂಕದ ಒಂದು ಸಾಲಿಗೆ ಎಷ್ಟು ಪ್ರೋತ್ಸಾಹಧನ ಕೊಟ್ಟರೆ ಸಮವಾದೀತು?

2018ರಲ್ಲಿ ಚನ್ನಪಟ್ಟಣದ ಶಾಸಕರಾಗಿದ್ದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಬೆಳೆಸಾಲ ಮನ್ನಾ ಘೋಷಿಸಿದರು. ಮರುವರ್ಷ ಫೆಬ್ರುವರಿಯಲ್ಲಿ ಕೇಂದ್ರದ ಪಿಎಂ ಕಿಸಾನ್ ಬಂತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು, ನೇರ ಬ್ಯಾಂಕ್ ಖಾತೆಗೆ. ಯಡಿಯೂರಪ್ಪ ಸರ್ಕಾರ ಅದಕ್ಕೆ 4,000 ಕೂಡಿಸಿತು, 2023ರಲ್ಲಿ ಸಿದ್ದರಾಮಯ್ಯ ಸರ್ಕಾರ ಈ 4,000ವನ್ನು ನಿಲ್ಲಿಸಿತು. ಪಿಎಂ ಕಿಸಾನ್ ದುಡ್ಡಿಗೆ ಹೊಲದಲ್ಲಿ ಏನು ಬೆಳೆದಿದೆ ಎಂಬುದು ಬೇಕಿಲ್ಲ. ಹೊಲ ಯಾರ ಹೆಸರಲ್ಲಿದೆ ಎಂಬುದಷ್ಟೇ ಬೇಕು.

ತೊಡಕು ಇರುವುದೂ ಅಲ್ಲೇ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗುವವರೆಗೆ ಮೊಮ್ಮಗನಿಗೆ ದುಡ್ಡಿಲ್ಲ. ಇನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿನ ಮೇಲೆ ಬೇರೆಯವರ ಹೊಲ, ಉಳುವವರ ಪಾಡು ಅದಕ್ಕಿಂತ ಕಷ್ಟ. 1974ರ ಭೂಸುಧಾರಣೆ ಗೇಣಿಯನ್ನು ರದ್ದು ಮಾಡಿತು, ಆದರೆ ವಾರದ ಬೇಸಾಯ ಬಾಯಿಮಾತಿನಲ್ಲಿ ನಡೆದೇ ಇದೆ. ಕಾಗದದಲ್ಲಿ ಇಲ್ಲದ ರೈತನಿಗೆ ರೈತರನ್ನು ನೋಂದಾಯಿಸುವ 'ಫ್ರೂಟ್ಸ್' ತಂತ್ರಾಂಶದ ಗುರುತಿನ ಸಂಖ್ಯೆ, ಎಫ್ಐಡಿ, ಸಿಗುವುದಿಲ್ಲ. ಆ ಸಂಖ್ಯೆ ಇಲ್ಲದೆ ಬೆಂಬಲ ಬೆಲೆಗೆ ರಾಗಿಯನ್ನೂ ಮಾರುವಂತಿಲ್ಲ.

2023ರಲ್ಲಿ ರಾಜ್ಯ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್ ಮಿತಿ ಎಂಬುದು ಬರ ಪರಿಹಾರದ ಆಗಿನ ನಿಯಮ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,400. ಮೊದಲ ಕಂತಾಗಿ ರಾಜ್ಯ ಕೊಟ್ಟದ್ದು ರೈತರೊಬ್ಬರಿಗೆ ಗರಿಷ್ಠ 2,000. ಕೇಂದ್ರದ ನೆರವು ಬರಲಿಲ್ಲವೆಂದು ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಗೆ, ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು.

2025ರ ಜೂನ್‌ನಲ್ಲಿ ಮಾವಿನ ಬೆಲೆ ನೆಲಕಚ್ಚಿದಾಗ ಕೇಂದ್ರ ಕರ್ನಾಟಕದ 2.5 ಲಕ್ಷ ಟನ್ ತೋತಾಪುರಿಗೆ ಕ್ವಿಂಟಲಿಗೆ 1,616 ರೂಪಾಯಿ ದರ ಗೊತ್ತುಮಾಡಿ, ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ರಾಮನಗರ ಹೆಸರು ಮಾಡಿರುವುದು ಬಾದಾಮಿ ಮಾವಿಗೆ. ಅದು ಈ ಯೋಜನೆಯಲ್ಲಿರಲಿಲ್ಲ, ಅಷ್ಟು ಹೊತ್ತಿಗೆ ಇಲ್ಲಿಯ ಬಾದಾಮಿ ಸುಗ್ಗಿಯೂ ಮುಗಿದಿತ್ತು.